ಎಳೆಯ ಮಕ್ಕಳ ಹಲ್ಲು ಮತ್ತು ಮಕ್ಕಳ ವೈದ್ಯರು

(ಹನುಮಂತನಗರದಲ್ಲಿ ಗ್ರಾಮೀಣ ದಂಪತಿಗಳ ಸಭೆಯಲ್ಲಿ ಮಕ್ಕಳ ವೈದ್ಯರೊಬ್ಬರು ಮಾಡಿದ ಭಾಷಣ)



ನಾವು ಈಗ ಸೇರಿರುವ ಈ ಬಡಾವಣೆಯ ಹೆಸರು ಹನುಮಂತನಗರ. 'ಹನು' ಎಂದರೆ ಸಂಸ್ಕೃತದಲ್ಲಿ ದವಡೆ. ಶಿಶುವಾಗಿದ್ದ ಆಂಜನೇಯನು ಉದಯಸೂರ್ಯನನ್ನು ಹಣ್ಣೆಂದು ಭ್ರಮಿಸಿ ಆಕಾಶಕ್ಕೆ ನೆಗೆದನೆಂದೂ, ಇಂದ್ರನ ವಜ್ರಾಯುಧದ ಪೆಟ್ಟು ಅವನ ದವಡೆಗೆ ತಗಲಿತೆಂದೂ, ಅದರಿಂದಲೇ ಅವನಿಗೆ ಹನುಮಂತನೆಂಬ ಹೆಸರು ಬಂದಿತೆಂದೂ ಪುರಾಣದಲ್ಲಿ ಹೇಳಿದೆ. ಮಗನ ದವಡೆಗೆ ಪೆಟ್ಟಾದುದನ್ನು ಕಂಡ ತಂದೆ ವಾಯುದೇವನು ಕೋಪಗೊಂಡು ಲೋಕದಲ್ಲಿ ಗಾಳಿಯನ್ನೇ ನಿಲ್ಲಿಸಿಬಿಟ್ಟನಂತೆ. ನಮ್ಮ ಮನೆಗಳಲ್ಲಾದರೋ ಮಗುವಿನ ಮುಂದಿನ ಹಲ್ಲುಗಳೆಲ್ಲ ಕಪ್ಪಾಗಿ ಸವೆದು ಬುಡ ಸೇರಿದ್ದರೂ ತಂದೆಯಾದವನು "ಹಾಲುಹಲ್ಲು ತಾನೆ, ಬಿದ್ದುಹೋಗುತ್ತವೆ" ಎಂದು ಬೀಡಿ ಹಚ್ಚಿಕೊಂಡು ಕುಳಿತಿರುತ್ತಾನೆ. ಗಾಳಿಯನ್ನು ನಿಲ್ಲಿಸಬೇಕೆಂದು ನಾನು ತಮ್ಮನ್ನು ಕೇಳುವುದಿಲ್ಲ. ಮಗುವಿನ ಮೇಲ್ತುಟಿಯನ್ನು ಬೆರಳಿನಿಂದ ಎತ್ತಿ ಒಮ್ಮೆ ನೋಡಿರಿ, ಹಾಗೂ ಮಗುವನ್ನು ಪರೀಕ್ಷಿಸುವ ವೈದ್ಯರಿಗೆ ಅದನ್ನು ತೋರಿಸಿರಿ ಎಂದಷ್ಟೇ ಕೇಳುತ್ತೇನೆ.

ನಾನು ದಂತವೈದ್ಯನಲ್ಲ, ಮಕ್ಕಳ ವೈದ್ಯ. ಹಲ್ಲಿನ ವಿಷಯವಾಗಿ ಮಾತನಾಡಲು ಮಕ್ಕಳ ವೈದ್ಯರನ್ನು ಏಕೆ ಕರೆದರು ಎಂದು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಇಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಕೋಟೆಯ ಪ್ರದೇಶದಲ್ಲಿ, 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆಯಿದೆ. ಅದು ತಾಯಿ ಮತ್ತು ಮಕ್ಕಳ ಆಸ್ಪತ್ರೆ. ಅದರಿಂದ ನಡೆದುಹೋಗುವಷ್ಟು ಹತ್ತಿರದಲ್ಲಿಯೇ 1958ರಲ್ಲಿ ಸ್ಥಾಪನೆಯಾದ ಸರ್ಕಾರಿ ದಂತವೈದ್ಯಕೀಯ ಕಾಲೇಜು ಇದೆ. ನೆಲದ ಮೇಲೆ ಇವೆರಡರ ನಡುವಣ ಅಂತರ ಹೆಚ್ಚೇನೂ ಇಲ್ಲ. ಜನರ ಮನಸ್ಸಿನಲ್ಲಿ ಮಾತ್ರ ಅದು ಬಹಳ ದೊಡ್ಡದು. ಜ್ವರ, ಕೆಮ್ಮು, ಭೇದಿ, ಚುಚ್ಚುಮದ್ದು ಎಂದರೆ ಮಕ್ಕಳ ವೈದ್ಯರು. ಹಲ್ಲು ಎಂದರೆ ದಂತವೈದ್ಯರು, ಅದೂ ನೋವು ತಾಳಲಾರದೆ ರಾತ್ರಿಯೆಲ್ಲ ಅತ್ತ ಮೇಲೆ, ಕೀಳಿಸುವುದಕ್ಕೆ. ಈ ವಿಂಗಡಣೆಯ ಫಲವಾಗಿ ಮಗುವಿನ ಬದುಕಿನ ಮೊದಲ ಮೂರು ವರ್ಷಗಳಲ್ಲಿ ಅದರ ಹಲ್ಲನ್ನು ಯಾರೊಬ್ಬರೂ ನೋಡದೆ ಹೋಗುವುದುಂಟು. ಹುಳುಕು ಹಿಡಿಯುವುದು ಆ ಮೂರು ವರ್ಷಗಳಲ್ಲಿಯೇ.

ಒಂದು ಪ್ರಸಂಗವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮಾಗಡಿಯ ಕಡೆಯ ಹಳ್ಳಿಯೊಂದರಿಂದ ದಂಪತಿಗಳು ಮೂರು ವರ್ಷದ ಗಂಡುಮಗುವನ್ನು ನನ್ನಲ್ಲಿಗೆ ಕರೆತಂದಿದ್ದರು. ಜೊತೆಯಲ್ಲಿ ಅಜ್ಜಿಯೂ ಇದ್ದರು. "ಮಗೀಗೆ ಹೊಟ್ಟೆ ಹಸಿವೇ ಇಲ್ಲ ಸ್ವಾಮಿ, ಮುದ್ದೆ ಕಂಡ್ರೆ ಮೊಕ ತಿರುಗುಸ್ತದೆ, ಒಂದು ಟಾನಿಕ್ಕು ಬರ್ಕೊಡಿ" ಎಂದು ಅಜ್ಜಿ ಕೇಳಿದರು. ಮಗುವಿನ ತೂಕ ವಯಸ್ಸಿಗೆ ತಕ್ಕಷ್ಟಿರಲಿಲ್ಲ. ಜಂತುಹುಳುವಿನ ಮಾತ್ರೆಯನ್ನು ಎರಡು ಸಲ ನುಂಗಿಸಿದ್ದರು. ಮೂರು ಬಗೆಯ ಟಾನಿಕ್ಕಿನ ಸೀಸೆಗಳು ಚೀಲದಲ್ಲಿದ್ದವು. ಯಂತ್ರ ಕಟ್ಟಿಸಿದ್ದೂ ಆಗಿತ್ತು. ಮಗುವಿನ ಮೇಲ್ತುಟಿಯನ್ನು ಎತ್ತಿ ನೋಡಿದಾಗ ಮುಂದಿನ ನಾಲ್ಕು ಹಲ್ಲುಗಳು ಬುಡದವರೆಗೆ ಕೊಳೆತಿದ್ದವು. ಎರಡು ದವಡೆಹಲ್ಲುಗಳಲ್ಲಿ ಗುಳಿ ಬಿದ್ದು, ಒಂದರ ಪಕ್ಕದ ವಸಡಿನಲ್ಲಿ ಕೀವಿನ ಗುಳ್ಳೆಯೆದ್ದಿತ್ತು. ಆ ಮಗುವಿಗೆ ಹಸಿವಿತ್ತು, ಅಗಿಯಲು ಹಲ್ಲಿರಲಿಲ್ಲ. ಅಗಿದರೆ ನೋಯುತ್ತಿದ್ದುದರಿಂದ ಹಾಲಿನಲ್ಲಿ ಅದ್ದಿದ ಬಿಸ್ಕತ್ತನ್ನು ಮಾತ್ರ ನುಂಗುತ್ತಿತ್ತು. ಆ ಬಿಸ್ಕತ್ತು ಹಲ್ಲನ್ನು ಇನ್ನಷ್ಟು ಕೊಳೆಸುತ್ತಿತ್ತು. ಟಾನಿಕ್ಕಿನಲ್ಲಿದ್ದ ಸಕ್ಕರೆಯೂ ಅದೇ ಕೆಲಸವನ್ನು ಮಾಡುತ್ತಿತ್ತು. ದಂತವೈದ್ಯರಲ್ಲಿಗೆ ಕಳುಹಿಸಿ, ಕೀಳತಕ್ಕದ್ದನ್ನು ಕೀಳಿಸಿ, ಉಳಿಸತಕ್ಕದ್ದನ್ನು ತುಂಬಿಸಿದ ಮೇಲೆ ಆ ಮಗು ಮುದ್ದೆಯನ್ನೂ ಉಂಡಿತು, ಮೈಯನ್ನೂ ಹಿಡಿಯಿತು. ಊಟ ಸೇರದ ಮಗುವಿಗೆ ಟಾನಿಕ್ಕು ಕೇಳುವ ಮೊದಲು ಅದರ ಬಾಯಿಯನ್ನು ತೋರಿಸುವುದು ಲೇಸು.

ಇಂಥ ಮಗು ಒಂದಲ್ಲ, ಎರಡಲ್ಲ. 2002-03ರಲ್ಲಿ ದೇಶಾದ್ಯಂತ ನಡೆದ ಬಾಯಿಯ ಆರೋಗ್ಯದ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳ ಪೈಕಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಳುಕು ಹಲ್ಲು ಇದ್ದುದು ಕಂಡುಬಂದಿತು.

ಹಾಲುಹಲ್ಲು ಬಿದ್ದುಹೋಗುವಂಥದೇ ನಿಜ. ಆದರೆ ಯಾವಾಗ? ಮುಂದಿನ ಹಲ್ಲು ಬೀಳುವುದು ಆರು ಏಳನೆಯ ವರ್ಷದಲ್ಲಿ. ಹಿಂದಿನ ಹಾಲು ದವಡೆಹಲ್ಲು ಬೀಳುವುದು ಹತ್ತರಿಂದ ಹನ್ನೆರಡನೆಯ ವರ್ಷದಲ್ಲಿ. ಅಲ್ಲಿಯವರೆಗೆ ಮಗು ಉಣ್ಣಬೇಕಾದುದು ಇವುಗಳಿಂದಲೇ, ಮಾತು ಕಲಿಯಬೇಕಾದುದೂ ಇವುಗಳಿಂದಲೇ. ಇವು ಅಕಾಲದಲ್ಲಿ ಹೋದರೆ ಪಕ್ಕದ ಹಲ್ಲುಗಳು ಸರಿದು ಜಾಗವನ್ನು ಆಕ್ರಮಿಸಿಕೊಳ್ಳುತ್ತವೆ. ಅನಂತರ ಬರುವ ಶಾಶ್ವತ ಹಲ್ಲು ಸೊಟ್ಟಗೆ ಹೊರಡುತ್ತದೆ. ಇನ್ನೊಂದು ವಿಷಯವನ್ನು ಗಮನಿಸಬೇಕು. ಆರನೆಯ ವರ್ಷದಲ್ಲಿ, ಯಾವ ಹಾಲುಹಲ್ಲೂ ಬೀಳದೆ, ಹಾಲು ದವಡೆಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದೊಡ್ಡ ಹಲ್ಲು ಮೂಡುತ್ತದೆ. ಇದು ಬಾಳಿನುದ್ದಕ್ಕೂ ಇರಬೇಕಾದ ಹಲ್ಲು. ಇದನ್ನೂ ಹಾಲುಹಲ್ಲೆಂದೇ ಎಣಿಸಿ ಕೈಬಿಟ್ಟು, ಹತ್ತನೆಯ ವರ್ಷಕ್ಕೆ ಕೀಳಿಸಿದ ಮಕ್ಕಳನ್ನು ನಾನು ಅನೇಕ ಸಲ ನೋಡಿದ್ದೇನೆ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದು ಹೊಸ ಹಲ್ಲನ್ನು ಬೇಡುವ ಸಂಪ್ರದಾಯ ನಮ್ಮಲ್ಲಿದೆ. ಈ ಹಲ್ಲು ಹೋದರೆ ಎಷ್ಟು ಸಗಣಿಯಲ್ಲಿಟ್ಟು ಎಸೆದರೂ ಇನ್ನೊಂದು ಬಾರದು.

ಮಗುವನ್ನು ವೈದ್ಯರಿಗೆ ತೋರಿಸುವ ಸಂದರ್ಭ ಯಾವುದು ಎಂದರೆ ಅದಕ್ಕಾಗಿ ಪ್ರತ್ಯೇಕವಾಗಿ ಬಸ್ಸಿನ ಖರ್ಚು ಮಾಡಬೇಕಾದುದಿಲ್ಲ. ಚುಚ್ಚುಮದ್ದಿನ ದಿನಗಳು ಇದ್ದೇ ಇವೆ. ಹುಟ್ಟಿದಾಗ, ಒಂದೂವರೆ, ಎರಡೂವರೆ ಮತ್ತು ಮೂರೂವರೆ ತಿಂಗಳಿನಲ್ಲಿ, ಒಂಬತ್ತು ತಿಂಗಳು ತುಂಬಿದಾಗ, ಮತ್ತೆ ಒಂದೂವರೆ ವರ್ಷದ ಸುಮಾರಿಗೆ, ಆಮೇಲೆ ಐದನೆಯ ವರ್ಷದಲ್ಲಿ ತಾವು ಮಗುವನ್ನು ಎತ್ತಿಕೊಂಡು ಬರುತ್ತೀರಿ. ದಂತವೈದ್ಯರ ಬಾಗಿಲನ್ನು ಒಮ್ಮೆಯೂ ಕಾಣದ ಮಗು ಮಕ್ಕಳ ವೈದ್ಯರನ್ನಾಗಲಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನಾಗಲಿ ಐದಾರು ಸಲ ಕಂಡಿರುತ್ತದೆ. ಬಾಯಿಯನ್ನು ನೋಡುವ ಹೊಣೆ ನಮ್ಮ ಮೇಲೆ ಬೀಳುವುದು ಈ ಕಾರಣದಿಂದ. ಒಂಬತ್ತನೆಯ ತಿಂಗಳಿನ ದಡಾರ ಮತ್ತು ರುಬೆಲ್ಲಾ ಚುಚ್ಚುಮದ್ದಿನ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಕೆಳಗಿನ ಎರಡು ಹಲ್ಲುಗಳು ಬಂದಿರುತ್ತವೆ. ಅಂದು ಬಾಯಿಯನ್ನು ತೋರಿಸಿರಿ. ಒಂದೂವರೆ ವರ್ಷದ ಚುಚ್ಚುಮದ್ದಿನ ಹೊತ್ತಿಗೆ ಮೇಲಿನ ಮುಂಭಾಗದ ನಾಲ್ಕು ಹಲ್ಲುಗಳೂ ಮೊದಲ ದವಡೆಹಲ್ಲುಗಳೂ ಸಾಮಾನ್ಯವಾಗಿ ಬಂದಿರುತ್ತವೆ. ಹುಳುಕು ಮೊದಲು ಕಾಣಿಸಿಕೊಳ್ಳುವುದು ಆ ಮೇಲಿನ ನಾಲ್ಕರಲ್ಲಿ. ಅಂದು ತಪ್ಪದೆ ತೋರಿಸಿರಿ. ಆರೋಗ್ಯ ಕೇಂದ್ರದಲ್ಲಿ ಜನಸಂದಣಿಯಿರುತ್ತದೆ. ವೈದ್ಯರು ಅವಸರದಲ್ಲಿ ಎದೆಗೆ ನಳಿಗೆಯಿಟ್ಟು ಕಳುಹಿಸಿಬಿಡಬಹುದು. ಆಗ ತಾವು ಸಂಕೋಚಪಡದೆ "ಡಾಕ್ಟ್ರೇ, ಹಲ್ಲನ್ನೂ ಒಂದಿಷ್ಟು ನೋಡಿ" ಎಂದು ಕೇಳಬೇಕು. ಅರ್ಧ ನಿಮಿಷದ ಕೆಲಸ. ಕೇಳುವುದು ತಮ್ಮ ಹಕ್ಕು, ನೋಡುವುದು ನಮ್ಮ ಕರ್ತವ್ಯ.

ವೈದ್ಯರು ನೋಡುವುದೇನನ್ನು? ಮೇಲಿನ ಮುಂಭಾಗದ ಹಲ್ಲಿನಲ್ಲಿ, ವಸಡಿನ ಅಂಚಿಗೆ, ಸುಣ್ಣದ ಗೆರೆಯಂತೆ ಮಾಸಲು ಬಿಳಿಯ ಪಟ್ಟಿಯೊಂದು ಕಾಣಿಸಿಕೊಂಡರೆ ಅದು ಹುಳುಕಿನ ಪ್ರಾರಂಭ. ಈ ಹಂತದಲ್ಲಿ ಅದನ್ನು ನಿಲ್ಲಿಸಲು ಸಾಧ್ಯ. ಹಲ್ಲು ಮತ್ತೆ ಗಟ್ಟಿಯಾಗಲೂ ಸಾಧ್ಯ. ಫ್ಲೋರೈಡಿನ ಲೇಪವನ್ನು ಹಲ್ಲಿಗೆ ಹಚ್ಚುವ ಪದ್ಧತಿಯಿದೆ. ಅದಕ್ಕೆ ಕೊರೆಯುವ ಯಂತ್ರ ಬೇಡ, ಚುಚ್ಚುಮದ್ದೂ ಬೇಡ. ಬಿಳಿಯ ಗೆರೆ ಕಂದುಬಣ್ಣಕ್ಕೆ ತಿರುಗಿ ಗುಳಿ ಬಿದ್ದ ಮೇಲೆ ಬಂದರೆ ತುಂಬಿಸಬೇಕಾಗುತ್ತದೆ. ಅದಕ್ಕಿಂತಲೂ ತಡಮಾಡಿದರೆ ಕೀಳಿಸಬೇಕಾಗುತ್ತದೆ. ಎಳೆಯ ಮಗು ಬಾಯಿ ತೆರೆದು ಸುಮ್ಮನೆ ಕೂರುವುದಿಲ್ಲವಾಗಿ ಕೆಲವೊಮ್ಮೆ ಪ್ರಜ್ಞೆ ತಪ್ಪಿಸಿ ಮಾಡಬೇಕಾದೀತು. ಬಿಳಿಯ ಗೆರೆಯ ಹಂತದಲ್ಲಿ ಮಗುವಿಗೆ ನೋವಿರುವುದಿಲ್ಲ, ಆದುದರಿಂದ ಅದು ಅಳುವುದಿಲ್ಲ. ಅಳದಿರುವುದರಿಂದ ತಂದೆತಾಯಿಗಳಿಗೆ ತಿಳಿಯುವುದಿಲ್ಲ. ನೋಡುವ ಕಣ್ಣೊಂದು ಬೇಕಾಗುವುದು ಇದಕ್ಕಾಗಿಯೇ.

ಹುಳುಕು ಎಂದರೆ ಹುಳುವಲ್ಲ. ಬಾಯಿಯಲ್ಲಿರುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಆಮ್ಲವನ್ನು ಉತ್ಪತ್ತಿಮಾಡುತ್ತವೆ. ಹುಣಸೆಹಣ್ಣಿನ ಹುಳಿ ಹಿತ್ತಾಳೆಯ ಕಿಲುಬನ್ನು ಕರಗಿಸುವಂತೆ ಈ ಆಮ್ಲವು ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಈ ಜೀವಿಗಳು ಮಗು ಹುಟ್ಟುವಾಗ ಅದರ ಬಾಯಲ್ಲಿರುವುದಿಲ್ಲ. ಬಹುಮಟ್ಟಿಗೆ ತಾಯಿಯ, ಇಲ್ಲವೆ ಸಾಕುವವರ ಎಂಜಲಿನಿಂದ ಬರುತ್ತವೆ. ರೊಟ್ಟಿಯನ್ನು ತಾವು ಅಗಿದು ಮಗುವಿನ ಬಾಯಿಗಿಡುವುದು, ಚಮಚವನ್ನು ತಾವು ಚೀಪಿ ಬಿಸಿ ನೋಡಿ ಅದರಲ್ಲಿಯೇ ತಿನ್ನಿಸುವುದು, ಇವೆಲ್ಲ ಪ್ರೀತಿಯಿಂದ ಮಾಡುವ ಕೆಲಸಗಳೇ ಸರಿ. ಆದರೂ ಬಿಡುವುದು ಒಳ್ಳೆಯದು. ಗರ್ಭಿಣಿಯಾಗಿದ್ದಾಗಲೇ ತಾಯಿ ತನ್ನ ಹುಳುಕು ಹಲ್ಲುಗಳಿಗೆ ಚಿಕಿತ್ಸೆ ಮಾಡಿಸಿಕೊಂಡು, ಕಡ್ಡಿಪುಡಿಯ ಅಭ್ಯಾಸವಿದ್ದರೆ ಬಿಟ್ಟರೆ ಮಗುವಿಗೆ ದಾಟುವ ಪೀಡೆ ಅಷ್ಟು ಕಡಿಮೆಯಾಗುತ್ತದೆ.

ಸಕ್ಕರೆಯ ವಿಷಯಕ್ಕೆ ಬರೋಣ. ಇಲ್ಲಿಗೆ ಹತ್ತಿರದ ದೊಡ್ಡ ಬಸವಣ್ಣನ ಗುಡಿಯ ಬಳಿ ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ತಮ್ಮ ಕಡೆಗಳಿಂದಲೂ ಗಾಡಿಗಟ್ಟಲೆ ಕಡಲೆಕಾಯಿ ಬರುತ್ತದೆ. ಮಕ್ಕಳಿಗೆ ಬೆಂಡುಬತ್ತಾಸು, ಕಲ್ಯಾಣಸೇವೆ ಕೊಡಿಸಬೇಡಿರೆಂದು ನಾನು ಹೇಳುವವನಲ್ಲ. ವರ್ಷಕ್ಕೊಂದು ಪರಿಷೆಯಿಂದ ಹಲ್ಲು ಹುಳುಕಾಗುವುದಿಲ್ಲ. ದಿನಕ್ಕೆ ಹತ್ತು ಸಲ ಬಾಯಿಗೆ ಬೀಳುವ ಪೆಪ್ಪರಮಿಂಟು, ಬಿಸ್ಕತ್ತು, ಐದು ರೂಪಾಯಿಯ ಪೊಟ್ಟಣಗಳಿಂದ ಹುಳುಕಾಗುತ್ತದೆ. ಎಷ್ಟು ತಿಂದಿತು ಎಂಬುದಕ್ಕಿಂತ ಎಷ್ಟು ಸಲ ತಿಂದಿತು ಎಂಬುದು ಇಲ್ಲಿ ಮುಖ್ಯ. ಒಂದೇ ಬಾರಿಗೆ, ಊಟದ ಜೊತೆಯಲ್ಲಿ, ಸಿಹಿ ತಿಂದು ನೀರು ಕುಡಿದರೆ ಬಾಯಿಯ ಜೊಲ್ಲು ಹಲ್ಲನ್ನು ಸುಧಾರಿಸುತ್ತದೆ. ಬೆಲ್ಲವಾದರೆ ಬಾಧೆಯಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಹಳವಾಗಿದೆ. ಹಲ್ಲಿಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ. ಜೇನುತುಪ್ಪವನ್ನಂತೂ ಒಂದು ವರ್ಷದೊಳಗಿನ ಶಿಶುವಿಗೆ ನೆಕ್ಕಿಸಲೇಬಾರದು. ಹಲ್ಲಿನ ಕಾರಣಕ್ಕಿಂತ ಮಿಗಿಲಾಗಿ, ಅದರಿಂದ ಅಪರೂಪಕ್ಕೊಮ್ಮೆ ಪ್ರಾಣಾಪಾಯಕಾರಿಯಾದ ವಿಷಬಾಧೆ ತಗಲುವುದುಂಟು. ಪರಿಷೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ನಾಲ್ಕು ವರ್ಷ ತುಂಬದ ಮಗುವಿನ ಕೈಗೆ ಇಡಿಯ ಕಡಲೆಬೀಜವನ್ನು ಕೊಡಬೇಡಿರಿ. ಅರೆಯಲು ದವಡೆಹಲ್ಲು ಸಾಲದೆ ಬೀಜವು ಶ್ವಾಸನಾಳಕ್ಕೆ ಜಾರುತ್ತದೆ. ಪುಡಿಮಾಡಿ ಕೊಡಿರಿ.

ತಾಯಿಯ ಹಾಲಿಗೆ ಸಮನಾದ ಆಹಾರವಿಲ್ಲ. ಆರು ತಿಂಗಳವರೆಗೆ ಅದೊಂದೇ ಸಾಕು, ಎರಡು ವರ್ಷದವರೆಗೆ ಇತರ ಆಹಾರದೊಡನೆ ಮುಂದುವರಿಸಬೇಕು. ಹಲ್ಲಿನ ನೆಪದಿಂದ ಯಾರೂ ಎದೆಹಾಲು ಬಿಡಿಸಬೇಡಿರಿ. ಹಲ್ಲು ಬಂದ ಮೇಲೆ ರಾತ್ರಿ ಹಾಲುಂಡು ಮಲಗಿದ ಮಗುವಿನ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು. ಸಕ್ಕರೆ ಬೆರೆಸಿದ ಹಾಲನ್ನು ಬಾಟಲಿಗೆ ಹಾಕಿ, ಅದನ್ನು ಚೀಪುತ್ತಲೇ ಮಗು ನಿದ್ದೆಹೋಗುವಂತೆ ಮಾಡುವುದು ನಿಜವಾದ ಅಪಾಯ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಾಲು ಮೇಲಿನ ಹಲ್ಲುಗಳ ಸುತ್ತ ರಾತ್ರಿಯೆಲ್ಲ ನಿಂತಿರುತ್ತದೆ. ಕೆಳಗಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುವುದರಿಂದ ಅವು ಉಳಿದುಕೊಳ್ಳುತ್ತವೆ. ಮೇಲಿನವು ಮಾತ್ರ ಕೊಳೆತು ಕೆಳಗಿನವು ಚೆನ್ನಾಗಿದ್ದರೆ ನಾವು ಕೇಳುವ ಮೊದಲ ಪ್ರಶ್ನೆ, ರಾತ್ರಿ ಬಾಟಲಿ ಕೊಡುತ್ತೀರಾ ಎಂಬುದೇ. ಬಾಟಲಿಗಳ ಮತ್ತು ಡಬ್ಬಿ ಹಾಲಿನ ಪ್ರಚಾರವನ್ನು ನಿರ್ಬಂಧಿಸಲು 1992ರಲ್ಲಿ ಕಾಯಿದೆಯೇ ಬಂದಿದೆ. ನಮ್ಮ ಹಿರಿಯರು ಬಳಸುತ್ತಿದ್ದ ಒಳಲೆ ಬಾಟಲಿಗಿಂತ ಎಷ್ಟೋ ಮೇಲು. ತೊಳೆಯುವುದೂ ಸುಲಭ, ಬಾಯಲ್ಲಿಟ್ಟುಕೊಂಡು ನಿದ್ದೆಮಾಡುವುದಕ್ಕೂ ಆಗುವುದಿಲ್ಲ.

ಈಗ ನಾನು ಹೇಳಲಿರುವುದನ್ನು ವಿಶೇಷವಾಗಿ ಲಕ್ಷ್ಯವಿಟ್ಟು ಕೇಳಬೇಕು. ಇದು ಹಲ್ಲಿನ ವಿಷಯವಾಗಿ ತೋರಿದರೂ ಪ್ರಾಣದ ವಿಷಯ. ಮಗುವಿಗೆ ಭೇದಿಯಾದರೆ "ಹಲ್ಲು ಬರ್ತಾ ಇದೆ, ಅದಕ್ಕೇ ಭೇದಿ" ಎಂದು ಮನೆಯ ಹಿರಿಯರು ಹೇಳುತ್ತಾರೆ. ಜ್ವರ ಬಂದರೂ ಅದೇ ಮಾತು. ಹಲ್ಲು ಮೂಡುವಾಗ ಮಗು ಜೊಲ್ಲು ಸುರಿಸುತ್ತದೆ, ಸಿಕ್ಕಿದ್ದನ್ನು ಕಚ್ಚುತ್ತದೆ, ರಗಳೆಮಾಡುತ್ತದೆ, ಮೈ ಸ್ವಲ್ಪ ಬೆಚ್ಚಗಾದರೂ ಆಗಬಹುದು. ನೀರುನೀರಾದ ಭೇದಿಯಾಗಲಿ, 100.4 ಡಿಗ್ರಿ ಮೀರಿದ ಜ್ವರವಾಗಲಿ ಹಲ್ಲಿನಿಂದ ಬರುವುದಿಲ್ಲ. ಹಾಗಾದರೆ ಎರಡೂ ಒಟ್ಟಿಗೇ ಬರುವುದೇಕೆ? ಆರನೆಯ ತಿಂಗಳಿನ ಸುಮಾರಿಗೆ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಅದೇ ಕಾಲಕ್ಕೆ ಮೇಲುಆಹಾರ ಪ್ರಾರಂಭವಾಗುತ್ತದೆ. ಅದೇ ಕಾಲಕ್ಕೆ ಮಗು ಅಂಬೆಗಾಲಿಡುವ ಹವಣಿನಲ್ಲಿದ್ದು ನೆಲದ ಮೇಲಿನದನ್ನೆಲ್ಲ ಬಾಯಿಗಿಟ್ಟುಕೊಳ್ಳುತ್ತದೆ. ರೋಗಾಣುಗಳು ಹೊಟ್ಟೆ ಸೇರುವುದು ಹೀಗೆ. ಹಲ್ಲು ಆ ವೇಳೆಯಲ್ಲಿ ಬರುತ್ತಿರುತ್ತದೆ, ಅಷ್ಟೆ. ಹಲ್ಲಿನ ಭೇದಿಯೆಂದು ನಂಬಿ ಎರಡು ದಿನ ಕಾಯ್ದರೆ ಮಗುವಿನ ದೇಹದ ನೀರೆಲ್ಲ ಬತ್ತುತ್ತದೆ. ಕಣ್ಣು ಗುಳಿಬಿದ್ದು, ನೆತ್ತಿ ಕುಸಿದು, ಮೂತ್ರ ನಿಂತು, ಕೊರಳು ಬಿದ್ದ ಸ್ಥಿತಿಯಲ್ಲಿ ಕರೆತಂದ ಮಕ್ಕಳನ್ನು ನಾವು ಉಳಿಸಲಾರದೆ ಹೋದುದುಂಟು. ಮೊದಲ ಸಲದ ನೀರು ಭೇದಿಯಿಂದಲೇ ಓ.ಆರ್.ಎಸ್. ದ್ರಾವಣವನ್ನು ಚಮಚ ಚಮಚವಾಗಿ ಕುಡಿಸುತ್ತ, ಎದೆಹಾಲು ಕೊಡುತ್ತ, ಆಶಾ ಕಾರ್ಯಕರ್ತೆಯ ಮೂಲಕ ಜಿಂಕ್ ಮಾತ್ರೆಯನ್ನು ಪಡೆದು 14 ದಿನ ಕೊಡಬೇಕು. ಮಗು ಮಂಕಾದರೆ, ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹಲ್ಲು ಸುಲಭವಾಗಿ ಬರಲೆಂದು ವಸಡನ್ನು ಕೊಯ್ಯಿಸುವುದು, ಯಾರೋ ಕೊಟ್ಟ ಪುಡಿಯನ್ನು ಉಜ್ಜುವುದು ಬೇಡ. ತೊಳೆದ ಬೆರಳಿನಿಂದ ವಸಡನ್ನು ಮೆಲ್ಲಗೆ ಸವರಿದರೆ ಸಾಕು.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎಂಬ ಮಾತು ಊರೂರಲ್ಲಿದೆ. ಆ ಮಗುವಿನ ತಾಯಿ ತವರಿಗೆ ಹೋಗಲು ಅಂಜುವುದನ್ನು ನಾನು ಕಂಡಿದ್ದೇನೆ. ಹಲ್ಲು ಬರುವ ಅನುಕ್ರಮ ಮಗುವಿನಿಂದ ಮಗುವಿಗೆ ಸ್ವಲ್ಪ ವ್ಯತ್ಯಾಸವಾಗುತ್ತದೆ. ಮಾವಂದಿರು ನಿಶ್ಚಿಂತರಾಗಿರಬಹುದು. ಹುಟ್ಟುವಾಗಲೇ ಹಲ್ಲಿರುವ ಶಿಶುವೂ ಅಪಶಕುನವಲ್ಲ. ಎರಡು ಮೂರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಅದನ್ನು ವೈದ್ಯರಿಗೆ ತೋರಿಸಲೇಬೇಕಾದ ಕಾರಣ ಬೇರೆ. ಹಲ್ಲು ಅಲುಗಾಡುತ್ತಿದ್ದರೆ ಕಳಚಿ ಗಂಟಲಿಗೆ ಸಿಕ್ಕಬಹುದು, ನಾಲಿಗೆಯ ಅಡಿ ಗಾಯವಾಗಿ ಶಿಶು ಹಾಲು ಬಿಡಬಹುದು. ಸೂಲಗಿತ್ತಿಯಾಗಲಿ ಅಜ್ಜಿಯಾಗಲಿ ಅದನ್ನು ಕೀಳಬಾರದು. ಇನ್ನು ಒಂದೂವರೆ ವರ್ಷವಾದರೂ ಒಂದು ಹಲ್ಲೂ ಬಾರದಿದ್ದರೆ ಸುಮ್ಮನಿರಬಾರದು. ಕೆಲವು ಮನೆತನಗಳಲ್ಲಿ ಹಲ್ಲು ತಡವಾಗಿ ಬರುವುದುಂಟು. ಥೈರಾಯ್ಡ್ ಗ್ರಂಥಿಯ ಕೊರತೆ ಅಥವಾ ಮೂಳೆ ಮೆತ್ತಗಾಗುವ ರೋಗದಿಂದಲೂ ಹಾಗಾಗುವುದುಂಟು. ಥೈರಾಯ್ಡಿನ ಕೊರತೆಗೆ ಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ. ಹಲ್ಲನ್ನು ನೋಡಿ ಇಡೀ ಮಗುವನ್ನು ಅರಿಯುವ ಇಂಥ ಸಂದರ್ಭಗಳಲ್ಲಿ ಮಕ್ಕಳ ವೈದ್ಯರೇ ಬೇಕು.

ಸೀಳುತುಟಿಯ ಮಗು ಹುಟ್ಟಿದರೆ ಗ್ರಹಣದ ದಿನ ತಾಯಿ ಹೊರಗೆ ಬಂದಳೆಂದು ಅವಳನ್ನು ಹಳಿಯುತ್ತಾರೆ. ಇದು ಅನ್ಯಾಯ. ಸೀಳುತುಟಿಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ಸೀಳು ಅಂಗುಳವನ್ನು ಒಂದು ವರ್ಷದ ಆಚೀಚೆ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಾರೆ.

ಔಷಧಿಗಳಿಗೂ ಹಲ್ಲಿಗೂ ಇರುವ ಸಂಬಂಧವನ್ನು ಹೇಳದಿದ್ದರೆ ಮಕ್ಕಳ ವೈದ್ಯನಾಗಿ ನನ್ನ ಮಾತು ಅಪೂರ್ಣವಾದೀತು. ರಕ್ತಹೀನತೆಯನ್ನು ತಡೆಯಲು ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ಒಂದೊಂದು ಮಿಲಿಲೀಟರು ಕಬ್ಬಿಣಾಂಶದ ಸಿರಪ್ಪನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಇದರಿಂದ ಹಲ್ಲಿನ ಮೇಲೆ ಕಪ್ಪು ಬಣ್ಣ ಕೂರುತ್ತದೆ. ಹಲ್ಲು ಹಾಳಾಯಿತೆಂದು ಹೆದರಿ ತಾಯಂದಿರು ಸಿರಪ್ಪನ್ನು ಅಟ್ಟದ ಮೇಲಿಡುತ್ತಾರೆ. ಈ ಕಪ್ಪು ಹುಳುಕಲ್ಲ, ಹೊರಗಿನ ಬಣ್ಣ ಮಾತ್ರ. ಸಿರಪ್ಪನ್ನು ನಾಲಿಗೆಯ ಹಿಂಭಾಗಕ್ಕೆ ಹಾಕಿ, ಆಮೇಲೆ ಹಲ್ಲನ್ನು ಒರೆಸಿದರೆ ಬಣ್ಣ ಕಡಿಮೆಯಾಗುತ್ತದೆ. ಕೂತ ಬಣ್ಣವನ್ನು ದಂತವೈದ್ಯರು ತೆಗೆಯಬಲ್ಲರು. ಕಬ್ಬಿಣಾಂಶವನ್ನು ಮಾತ್ರ ನಿಲ್ಲಿಸಬೇಡಿರಿ. ಟೆಟ್ರಾಸೈಕ್ಲಿನ್ ಎಂಬ ಔಷಧಿಯ ವಿಷಯ ಬೇರೆ. ಗರ್ಭಿಣಿಗೆ ಅಥವಾ ಎಂಟು ವರ್ಷದೊಳಗಿನ ಮಗುವಿಗೆ ಅದನ್ನು ಕೊಟ್ಟರೆ ವಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲುಗಳಿಗೆ ಹಳದಿ ಅಥವಾ ಬೂದು ಬಣ್ಣ ಒಳಗಿನಿಂದಲೇ ಹಿಡಿಯುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಅಂಗಡಿಯಲ್ಲಿ ಹೇಳಿ ಕೇಳಿ ಮಾತ್ರೆ ತರುವುದನ್ನು ಬಿಡಬೇಕು. ಮೂರ್ಛೆರೋಗ, ಉಬ್ಬಸ ಮೊದಲಾದವುಗಳಿಗೆ ತಿಂಗಳುಗಟ್ಟಲೆ ಸಿಹಿ ಸಿರಪ್ಪು ಕುಡಿಯುವ ಮಕ್ಕಳಿಗೆ ಹುಳುಕು ಬೇಗ ಹತ್ತುತ್ತದೆ. ಸಕ್ಕರೆಯಿಲ್ಲದ ಔಷಧಿ ಅಥವಾ ಮಾತ್ರೆ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿರಿ. ಆಗದಿದ್ದರೆ ರಾತ್ರಿಯ ಸಿರಪ್ಪನ್ನು ಹಲ್ಲುಜ್ಜುವ ಮೊದಲೇ ಕುಡಿಸಿರಿ.

ಹಲ್ಲುಜ್ಜುವ ಕ್ರಮ ಹೀಗೆ. ಹಲ್ಲು ಬರುವುದಕ್ಕೆ ಮೊದಲು ವಸಡನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಮೊದಲ ಹಲ್ಲು ಕಂಡೊಡನೆ ಮೆತ್ತನೆಯ ಪುಟ್ಟ ಬ್ರಷ್ಷು, ಅದರ ಮೇಲೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟು. ಮೂರು ವರ್ಷವಾದ ಮೇಲೆ ಬಟಾಣಿಕಾಳಿನಷ್ಟು. ಬೆಳಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ. ರಾತ್ರಿಯದೇ ಮುಖ್ಯ, ನಮ್ಮಲ್ಲಿ ತಪ್ಪುವುದೂ ಅದೇ. ಏಳೆಂಟು ವರ್ಷದವರೆಗೆ ದೊಡ್ಡವರು ಉಜ್ಜಿಸಬೇಕು. ಇದ್ದಿಲು, ಇಟ್ಟಿಗೆಪುಡಿ, ಬೂದಿ, ಹೊಗೆಸೊಪ್ಪು ಬೆರೆತ ಹಲ್ಲುಪುಡಿ ಎಳೆಯ ಹಲ್ಲಿಗೆ ಸಲ್ಲವು.

ಫ್ಲೋರೈಡ್ ಮಿತವಾಗಿದ್ದರೆ ಹಲ್ಲನ್ನು ಕಾಯುತ್ತದೆ, ಮಿತಿಮೀರಿದರೆ ಕೆಡಿಸುತ್ತದೆ. ಪಾವಗಡ, ಮುಂಡರಗಿಗಳ ಕಡೆಯಲ್ಲಿ, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಗ್ರಾಮಗಳ ಕೊಳವೆಬಾವಿಗಳ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಅಲ್ಲಿನ ಮಕ್ಕಳ ಶಾಶ್ವತ ಹಲ್ಲುಗಳು ಮೂಡುವಾಗಲೇ ಕಂದು ಕಲೆಗಳಿಂದ ಕೂಡಿರುತ್ತವೆ. ಮದುವೆಯ ವಯಸ್ಸಿನಲ್ಲಿ ಬಾಯಿಗೆ ಸೆರಗು ಹಿಡಿದು ನಗುವ ಹೆಣ್ಣುಮಕ್ಕಳನ್ನು ಆ ಕಡೆ ಕಾಣಬಹುದು. ಆ ಕಲೆ ಬಿದ್ದುದು ಮಾತ್ರ ಅವರು ತೊಟ್ಟಿಲಿನಲ್ಲಿಯೂ ಅಂಗನವಾಡಿಯಲ್ಲಿಯೂ ಇದ್ದ ಕಾಲದಲ್ಲಿ, ಹಲ್ಲು ಇನ್ನೂ ವಸಡಿನೊಳಗಿದ್ದಾಗ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ. ಇಂಥ ಊರುಗಳಲ್ಲಿ ಎಂಟು ವರ್ಷದವರೆಗಿನ ಮಕ್ಕಳಿಗೆ ಕುಡಿಯಲೂ ಅಡಿಗೆಗೂ ಶುದ್ಧ ನೀರಿನ ಘಟಕದ ನೀರು ಅಥವಾ ಮಳೆಯ ನೀರನ್ನು ಮೀಸಲಿಡಬೇಕು. ಯಾವ ಪೇಸ್ಟು ಎಂಬುದನ್ನೂ ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು. ಊರು ಯಾವುದು, ನೀರು ಎಲ್ಲಿಯದು ಎಂದು ನಾವು ಕೇಳುವುದು ಕಾಡುಹರಟೆಗಲ್ಲ.

ಹೃದಯದಲ್ಲಿ ಹುಟ್ಟಿನಿಂದ ರಂಧ್ರವಿರುವ, ಕವಾಟ ಕೆಟ್ಟಿರುವ ಮಕ್ಕಳ ತಂದೆತಾಯಿಗಳು ಈ ಸಭೆಯಲ್ಲಿದ್ದರೆ ಅವರಿಗೊಂದು ಮಾತು. ಹುಳುಕು ಹಲ್ಲಿನಿಂದ ರೋಗಾಣುಗಳು ರಕ್ತವನ್ನು ಸೇರಿ ಹೃದಯದಲ್ಲಿ ನೆಲೆಯೂರಬಲ್ಲವು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೃದಯದ ವಿಷಯವನ್ನು ತಿಳಿಸಬೇಕು. ಕೆಲವರಿಗೆ ಮುಂಚಿತವಾಗಿ ಔಷಧಿ ಕೊಡಬೇಕಾಗುತ್ತದೆ. ಯಾವುದೇ ಮಗುವಿಗಾಗಲಿ ಹಲ್ಲುನೋವಿನೊಡನೆ ಕೆನ್ನೆ ಊದಿ, ಜ್ವರ ಬಂದು, ಊತ ಕಣ್ಣಿನತ್ತಲೋ ಗಂಟಲಿನತ್ತಲೋ ಹರಡಿದರೆ, ಬಾಯಿ ತೆರೆಯಲಾಗದಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬುಡಸಹಿತ ಕಿತ್ತುಬಂದರೆ ಅದನ್ನು ಮೇಲ್ಭಾಗದಲ್ಲಿ ಹಿಡಿದು, ಉಜ್ಜದೆ, ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಒಯ್ದರೆ ಮತ್ತೆ ಕೂರಿಸಲು ಸಾಧ್ಯವಾಗಬಹುದು. ಹಾಲುಹಲ್ಲನ್ನು ಹಾಗೆ ಕೂರಿಸುವುದಿಲ್ಲ.

ತಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ತಜ್ಞರು ಇಲ್ಲದಿರಬಹುದು. ಅಲ್ಲಿನ ವೈದ್ಯಾಧಿಕಾರಿಯೇ ಬಾಯಿಯನ್ನು ನೋಡಬಲ್ಲರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕೆಂಬ ನಿಯಮವಿದೆ. ಹಲ್ಲು ಮತ್ತು ಸೀಳುತುಟಿ ಎರಡೂ ಆ ಪರೀಕ್ಷೆಯ ಪಟ್ಟಿಯಲ್ಲಿವೆ, ಮುಂದಿನ ಚಿಕಿತ್ಸೆ ಉಚಿತ. ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ತಿಳಿದು, ಅಂದು ಮಗುವನ್ನು ಹೊಲಕ್ಕೆ ಕರೆದೊಯ್ಯದೆ ಕಳುಹಿಸಿರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ದಂತವೈದ್ಯಾಧಿಕಾರಿಗಳು ಇರುತ್ತಾರೆ. ಮೊದಲನೆಯ ಹುಟ್ಟುಹಬ್ಬದೊಳಗೆ ಒಮ್ಮೆ ಅವರಿಗೂ ತೋರಿಸಿದರೆ ಉತ್ತಮ.

ಮಕ್ಕಳನ್ನು ಕರೆತಂದಿರುವವರು ಈಗ ಬೆಳಕಿರುವ ಆ ಕಿಟಕಿಯ ಬಳಿಗೆ ಒಬ್ಬೊಬ್ಬರಾಗಿ ಬನ್ನಿರಿ. ತಾಯಿ ಮತ್ತು ತಂದೆ ಎದುರುಬದುರಾಗಿ, ಮಂಡಿಗೆ ಮಂಡಿ ತಾಗುವಂತೆ ಕೂರಬೇಕು. ಮಗುವಿನ ಕಾಲು ತಾಯಿಯ ಸೊಂಟದ ಕಡೆಗೂ, ತಲೆ ತಂದೆಯ ತೊಡೆಯ ಮೇಲೂ ಇರಲಿ. ತುಟಿಯನ್ನು ಎತ್ತುವ ಬೆರಳು ತಂದೆಯದಾಗಿರಲಿ. ಹೇಗೆಂಬುದನ್ನು ನಾನು ತೋರಿಸಿಕೊಡುತ್ತೇನೆ.